ಮುನ್ನೂರ ಎಪ್ಪತ್ತೆರಡು ವೋಲ್ಟ್

ಬಸವಕಲ್ಯಾಣ
೧೯ ಸೆಪ್ಟೆಂಬರ್ ೨೦೨೪

ಉಜ್ವಲಾಗ,

ನಿನ್ನ ನಂಬರ್ ಬ್ಲಾಕ್ ಮಾಡೇನಿ. ಅದು ನಿನಗ ಇಷ್ಟೊತ್ತಿಗೆ ಗೊತ್ತಾಗಿರಬೇಕು. ವಾಟ್ಸಪ್ಪಿನ್ಯಾಗ ಬೈದ್ರ ನೀ ಒಂದು ಅಳೂ ಮುಖ ಕಳಿಸಿ ಕೈ ತೊಳಕೋತಿ. ಎದುರಿಗೆ ನಿಂತು ಬೈಯಬೇಕಂದ್ರ ನನಗ ಅಳು ಬರ್ತದ. ಸಿಟ್ಟು ಬಂದ್ರ ಕಣ್ಣಾಗ ನೀರು ಬರೂದು ನನಗ ಸಣ್ಣಾಕಿ ಇದ್ದಾಗಿಂದ ಹತ್ತಿದ ರೋಗ. ನೋಡಿದ ಮಂದಿ, ಹುಡುಗಿ ತಪ್ಪು ಒಪ್ಪಿಕೊಂಡ್ಲು ಅಂತಾರ. ಅದಕ್ಕ ಹಾಸ್ಟೆಲಿನ ಮಾಳಗಿ ಮ್ಯಾಲ ಕುಂತು ಕಾಗದ ಬರೆಯಾಕತ್ತೇನಿ. ನಾಳಿಂದ ಕ್ಲಾಸಿನ್ಯಾಗ ನಿನ್ನ ಬಾಜೂಕ ಕುಂಡ್ರಂಗಿಲ್ಲ.

ಆ ಮಂಗಳವಾರ ಲ್ಯಾಬಿನ್ಯಾಗ ಏನಾಯ್ತು ಅನ್ನೂದು ನಿನಗ ಗೊತ್ತದ. ಆದ್ರೂ ಬರೀತೇನಿ, ಯಾಕಂದ್ರ ಇವತ್ತು ನಿನ್ನ ಮುಖ ಎಲ್ಲಾ ಮರತಾಕಿ ಮುಖ ಇದ್ದಂಗ ಇತ್ತು. ಮೋಟಾರಿಗೆ ಎರಡು ವ್ಯಾಟ್‌ಮೀಟರ್ ಹಚ್ಚಿ ಪವರ್ ಅಳಿಯೂ ಪ್ರಯೋಗ. ಗುರುಲಿಂಗ ಸರ್ ಹಾಜರಿ ತಗೊಂಡು ಸ್ಟಾಫ್ ರೂಮಿಗೆ ಹೋದ್ರು. ಉಳಿದವರು ವೈರ್ ಹಚ್ಚಿದಂಗ ಮಾಡಿ ಚಾ ಕುಡಿಯಾಕ ಹೋದ್ರು. ಅವರಿಗೇನು, ಸೀನಿಯರ್‌ಗಳು ಬಿಟ್ಟು ಹೋದ ಫೈಲ್ ಅದ. ಅದರಾಗ ಪುಸ್ತಕದ ಅಂಕಿ, ವೋಲ್ಟ್ ೪೧೫ ಅಂತ ಅದ, ಕೆಳಗ ಎಲ್ಲಾ ಹಿಸಾಬೂ ತಯಾರ ಅದ. ನಾವಿಬ್ರೇ ಲ್ಯಾಬ್ ನೋಡ್ಕೊಳ್ಳೂ ಅಬ್ದುಲ್ ರಜಾಕ್ ಭಾಯಿಗೆ ಕಾಡಿ ಬೇಡಿ ಸ್ವಿಚ್ ಹಾಕಿಸಿದ್ವಿ. ಒಂದು ಮೀಟರಿನ ಮುಳ್ಳು ಸೊನ್ನಿಗಿಂತ ಹಿಂದಕ್ಕ ಹೊಡೀತು. "ಪೂನಂ, ಸುಟ್ಟು ಹೋಯ್ತು!" ಅಂತ ನೀ ಚೀರಿದಿ. ಸುಟ್ಟಿಲ್ಲ, ಮೋಟಾರಿನ ಮ್ಯಾಲ ಭಾರ ಇಲ್ಲದಾಗ ಹಂಗೇ ಆಗ್ತದ ಅಂತ ಹೇಳಿ ವೈರ್ ಅದಲ್ ಬದಲ್ ಮಾಡಿದ್ದು ನಾನು. ಆ ರೀಡಿಂಗಿಗೆ ಮುಂದ ಮೈನಸ್ ಹಾಕಬೇಕು ಅಂತ ಪುಸ್ತಕ ತೆಗೆದು ಹುಡುಕಿದ್ದು ನೀನು. ವೋಲ್ಟ್ ನೋಡಿದ್ರ ೩೭೨. ಊರಾಗ ಕರೆಂಟ್ ಜಗ್ಗೂ ವ್ಯಾಳ್ಯಾ ಅದು, ಇಳದಿತ್ತು. ಇದ್ದದ್ದು ಬರಕೊಂಡ್ವಿ. ಆಗ ನೀ ನಕ್ಕು, "ನಮ್ಮ ರೆಕಾರ್ಡ್ ಒಂದೇ ಖರೇದು" ಅಂದಿದ್ದಿ.

ಇವತ್ತು ಸರ್ ಎಲ್ಲರ ರೆಕಾರ್ಡ್ ಮುಂದ ಇಟ್ಕೊಂಡು ಕುಂತ್ರು. ೪೧೫ ಬರದವರಿಗೆಲ್ಲಾ ಸೈನ್. ನಮ್ಮಿಬ್ಬರದು ಬಂದಾಗ ಕೈ ನಿಂತ್ತು.

"ಎರಡರಾಗೂ ೩೭೨. ಎರಡರಾಗೂ ಅದೇ ಮೈನಸ್. ಯಾರು ಯಾರದ್ದು ನೋಡಿ ಹೊಡದೀರಿ?"

ಕೇಳಿದ್ದು ಇಬ್ಬರಿಗೆ. ನೋಡಿದ್ದು ನನ್ನ ಕಡಿಗೆ. ನಾ, "ಕೂಡಿ ಮಾಡೇವ್ರಿ ಸರ್" ಅಂದೆ. ಸರ್ ನಿನ್ನ ಕಡಿಗೆ ತಿರುಗಿ, "ಹೌದೇನವ್ವ ಉಜ್ವಲಾ?" ಅಂದ್ರು.

ನೀ ಪೆನ್ನಿನ ಟೊಪಗಿ ತೆಗೆದಿ. ಹಾಕಿದಿ. ಮತ್ತ ತೆಗೆದಿ.

"ಸ್ಕಾಲರ್‌ಶಿಪ್ಪಿನ ಮ್ಯಾಲ ಬಂದೀರಿ, ಬರ್ರಿ. ಆದ್ರ ಬ್ಯಾರೇದವರ ಬೆವರಿನ ಮ್ಯಾಲ ಪಾಸ್ ಆಗಬ್ಯಾಡ್ರಿ" ಅಂದ್ರು ಸರ್. ನನ್ನ ರೆಕಾರ್ಡಿನ ಪಾನಿನ ಮ್ಯಾಲ ಕೆಂಪು ಶಾಯಿ ಗೆರಿ ಮೂಲಿಯಿಂದ ಮೂಲಿಗೆ ಅಡ್ಡ ಎಳದು, "ನಕಲು" ಅಂತ ಬರದ್ರು. ೪೧೫ ಹಾಕಿ ಹೊಸದಾಗಿ ಬರಕೊಂಡು ಬಾ ಅಂದ್ರು. ನಿನ್ನದಕ್ಕ ಸೈನ್ ಮಾಡಿದ್ರು. ಅದೇ ೩೭೨ಕ್ಕ!

ಇಡೀ ಬ್ಯಾಚು ಒಂದೇ ಫೈಲ್ ನೋಡಿ ಒಂದೇ ಅಂಕಿ ಬರದ್ರು, ಅದು ಅಭ್ಯಾಸ. ಇಬ್ರು ಒಂದೇ ಮೀಟರ್ ನೋಡಿ ಒಂದೇ ಅಂಕಿ ಬರದ್ವಿ, ಅದು ನಕಲು. ಸರ್‌ದು ನನಗ ಹೊಸದಲ್ಲ, ಅಂಥಾ ಮಾತು ನಾ ಶಾಲ್ಯಾಗಿಂದ ಕೇಳಾಕತ್ತೇನಿ. ನೀ "ಹೌದ್ರಿ" ಅನ್ನಬೇಕಿತ್ತು. ಒಂದು ಹೌದ್ರಿ.

ಇಷ್ಟು ದಿನ ನಿನ್ನ ಬೆಂಚಿನ್ಯಾಕಿ,
ಪೂನಂ


ಹುಮನಾಬಾದ
೨೮ ಸೆಪ್ಟೆಂಬರ್ ೨೦೨೪

ಪ್ರೀತಿಯ ಪೂನಂ,

ನಿನ್ನ ಕಾಗದ ಮೊದಲು ಮಹೇಶಕುಮಾರ ಮಾಮಾನ ಕೈಗೆ ಸಿಕ್ತು. "ಈ ಜಮಾನಾದಾಗ ಪೋಸ್ಟಿನ್ಯಾಗ ಕಾಗದ ಹಾಕೂ ಗೆಳತಿ ಯಾಕಿ?" ಅಂತ ನಕ್ಕೋತ ಕೊಟ್ರು. ಬಚ್ಚಲದಾಗ ಬಾಗಿಲ ಹಾಕ್ಕೊಂಡು ಓದಿದೆ. ಮಾಮಿ ಎರಡು ಸಲ ಬಾಗಿಲ ಬಡದ್ಲು.

ನೀ ಬರದದ್ದೆಲ್ಲಾ ಖರೇ ಅದ. ಆದ್ರ ನನ್ನ ಕಡಿಂದನೂ ಜರಾ ನೋಡು. ಸರ್ ಕೇಳಿದಾಗ ನಾ ಬಾಯಿ ತೆರೀಬೇಕಂತಿದ್ದೆ, ಅಷ್ಟ್ರಾಗ ಸರ್ ಮಾತು ಮುಗಿಸೇ ಬಿಟ್ರು. ಆಮ್ಯಾಲ ಹೇಳಿದ್ರ ಅವರ ಮಾತಿಗೆ ಎದುರು ಹೇಳಿದಂಗ ಆಗ್ತಿತ್ತು. ನಾ ಮಾಮಾನ ಮನ್ಯಾಗ ಇದ್ದು ಓದಾಕಿ. ಮಾಮಾ, ಸರ್ ಇಬ್ರೂ ಒಂದೇ ತಾಟಿನ್ಯಾಗ ಉಂಡು ಬೆಳದವರು. ಸರ್ ಮುಂದ ನಾ ಏನರ ಅಂದ್ರ ಅದು ನಾನು ಮನಿ ಮುಟ್ಟೂಕಿಂತ ಮೊದಲು ಮನಿ ಮುಟ್ಟಿರ್ತದ. ಹಳ್ಳಿಖೇಡದಾಗ ನಮ್ಮಪ್ಪ ಒಂದೇ ಮಾತು ಹೇಳಿ ಕಳಿಸ್ಯಾನ: ಮಾಮಾನ ಮನಿಯಿಂದ ಒಂದು ದೂರು ಬಂದ್ರ ಬುಕ್ಕು ಬಂದ್, ಲಗ್ನ. ನನ್ನ ಮನಿ ಹ್ಯಾಂಗ ಅದ ಅಂತ ನಿನಗ ಹೇಳೇನಿ. ಮತ್ತ್ಯಾರಿಗೂ ಹೇಳಿಲ್ಲ.

ಒಂದು ಪಾನ್ ಅದು, ಪೂನಂ. ೪೧೫ ಹಾಕಿ ಬರದು ಕೊಟ್ಟುಬಿಡು. ಬೇಕಾದ್ರ ನಾನೇ ಬರದು ಕೊಡ್ತೇನಿ, ಗ್ರಾಫೂ ಎಳದು ಕೊಡ್ತೇನಿ. ಸರ್ ಬಾಯಿಂದ ಸುದ್ದಿ ಕೇಳಿ ಮಾಮಾನೂ ಅದೇ ಅಂದ್ರು, ನಿಮಗ ಹ್ಯಾಂಗೂ ಸವಲತ್ತು ಅದಾವ, ಒಂದು ಪ್ರಯೋಗದ ಸಲುವಾಗಿ ಏನೂ ಮುಳುಗಂಗಿಲ್ಲ ಅಂತ.

ಇನ್ನೊಂದು. ಹಾಸ್ಟೆಲಿನ ಹುಡುಗ್ಯಾರ ಮುಂದ ನನಗ ಕೋಲೆಬಸವ ಅಂದಿಯಂತ. ಗೋಣು ಹಾಕೂದಷ್ಟೇ ಗೊತ್ತು ಅಂದಿಯಂತ. ಬಸ್ಸಿನ್ಯಾಗ ಎಲ್ಲರೂ ನನ್ನ ನೋಡಿ ನಗ್ತಾರ. ಸಿಟ್ಟು ನಿನಗೊಬ್ಬಾಕಿಗೇ ಬರ್ತದ ಅಂತ ತಿಳಿಬ್ಯಾಡ. ನನಗೂ ಇಜ್ಜತ್ ಅದ.

ನಿನ್ನ,
ಉಜ್ವಲಾ


ಘಾಟಬೋರಾಳ
೧೪ ಅಕ್ಟೋಬರ್ ೨೦೨೪

ಉಜ್ವಲಾಗ,

ದಸರಾ ಸೂಟಿಗೆ ಊರಿಗೆ ಬಂದೇನಿ. ನಿನ್ನ ಕಾಗದ ಇಲ್ಲಿಗೂ ತಂದೇನಿ. ಓದಿದಂಗ ಓದಿದಂಗ ಸಿಟ್ಟು ಇಳೀತದ ಅಂದ್ಕೊಂಡಿದ್ದೆ. ಏರಾಕತ್ತದ.

ಕೋಲೆಬಸವ ಅಂದದ್ದು ಖರೇ. ಹುಡುಗ್ಯಾರ ಮುಂದ ಅನ್ನಬಾರದಿತ್ತು. ಅದಿಷ್ಟು ನನ್ನ ಕಡಿಂದ.

ಈಗ ನಿನ್ನ ಕಡಿಂದು. "ನಿಮಗ ಹ್ಯಾಂಗೂ ಸವಲತ್ತು ಅದಾವ." ಒಂದು ವರ್ಷ ನೀ ನನಗ ನೀ ಅಂದಿ. ಜಗಳಾಡಿದಾಗ ನೀ, ಡಬ್ಬಿ ಕಸಗೊಂಡು ತಿಂದಾಗ ನೀ. ಈ ಕಾಗದದಾಗ ಒಮ್ಮಿಗೇ ನಾ "ನಿಮಗ" ಆದೆ. ಮರ್ಯಾದಿ ಕೊಟ್ಟು ಬರದಿಲ್ಲ ನೀ, ಅದು ನನಗ ಗೊತ್ತದ. ಆ "ನಿಮಗ" ಅಂದ್ರ ಯಾರ್ಯಾರು, ಉಜ್ವಲಾ? ಜವಾಬ್ ನಿನಗೂ ಗೊತ್ತದ, ನನಗೂ ಗೊತ್ತದ. ಬರಿಯಾಕ ಇಬ್ಬರ ಕೈಯೂ ಬರಂಗಿಲ್ಲ. ಮಾಮಾ ಅಂದ್ರು ಅಂತ ಬರದಿ. ಮಾಮಾ ಅಂದದ್ದನ್ನ ಶಾಯಿ ತುಂಬಿ ನನಗ ಕಳಿಸಿದ್ದು ಯಾರು?

ನಿನ್ನ ಮನ್ಯಾಗ ನಿನಗ ಹೆದರಿಕಿ ಅದ, ನಾ ಒಪ್ತೇನಿ. ಆದ್ರ ನಿನ್ನ ಹೆದರಿಕಿ ಹೊರೂದು ನನ್ನ ತಲಿ ಮ್ಯಾಲ ಯಾಕ?

ಸೂಟಿಗೆ ಮೊದಲು ಸರ್ ನನ್ನ ಒಬ್ಬಾಕಿನ್ನ ಕರದಿದ್ರು. ಈ ಸಲ ಮೆತ್ತಗ ಮಾತಾಡಿದ್ರು. "ಹೊರಗಿನ ಕಾಲೇಜಿಂದ ಪರೀಕ್ಷಾ ತಗೊಳ್ಳಾಕ ಬರ್ತಾರ. ೪೧೫ ಇದ್ರ ಕಣ್ಣು ಮುಚ್ಚಿ ಪಾನ್ ತಿರುವ್ತಾರ. ೩೭೨ ಇದ್ರ ಯಾಕ ಅಂತಾರ. ನಿನಗ ಯಾಕ ಬೇಕು ಈ ಪಂಚಾಯ್ತಿ?" ಅಂದ್ರು. ನಾ, "ಯಾಕ ಅಂದ್ರ ಹೇಳ್ತೇನ್ರಿ ಸರ್" ಅಂದೆ. ಮೆತ್ತಗಿದ್ದದ್ದು ಅಲ್ಲಿಗೆ ಮುಗೀತು. ರೆಕಾರ್ಡ್ ಪೂರಾ ಸೈನ್ ಆಗಲಿಲ್ಲಂದ್ರ ಪ್ರಾಕ್ಟಿಕಲ್ ಪರೀಕ್ಷಾಕ್ಕ ಕೂಡಸಂಗಿಲ್ಲ ಅಂದ್ರು. ಅಂದ್ರ ವರ್ಷ ಹೋಯ್ತು ಅಂತ ತಿಳಕೋ.

ಮನ್ಯಾಗ ಹೇಳಿಲ್ಲ. ನಮ್ಮವ್ವ ರತ್ನಮಾಲಾ ನಸುಕಿನ್ಯಾಗ ಎದ್ದು ಸೋಯಾ ಕೊಯ್ಯಾಕ ಹೋಗ್ತಾಳ, ನಾನೂ ಹೋಗಾಕತ್ತೇನಿ. ಅಪ್ಪಗ ಹೇಳೂದಂತೂ ದೂರ. ಆತಗ ಮಾಸ್ತರ್ ಅಂದ ಮಾತು ಕಲ್ಲಿನ ಮ್ಯಾಲ ಬರದಂಗ. ಮಾಸ್ತರ್ ತಪ್ಪು ಮಾಡ್ತಾರ ಅಂದ್ರ ಆತ, ಹಗಲಿನ್ಯಾಗ ಚುಕ್ಕಿ ಕಂಡಾವ ಅಂದಾಕಿನ್ನ ನೋಡಿದಂಗ ನನ್ನ ನೋಡ್ತಾನ.

೪೧೫ ನಾ ಬರೆಯಂಗಿಲ್ಲ. ನೀ ಬರದು ಕೊಡೂದೂ ಬ್ಯಾಡ.

ಪೂನಂ


ಹುಮನಾಬಾದ
೨೩ ನವೆಂಬರ್ ೨೦೨೪

ಪೂನಂ,

ನಿನ್ನ ಆ ಕಾಗದಕ್ಕ ನಾ ಜವಾಬ್ ಬರೀಲಿಲ್ಲ. ನಾಲ್ಕು ಸಲ ಬರದು ಹರದೆ. "ನಿಮಗ" ಅಂದದ್ದಕ್ಕ ಯಾವ ಜವಾಬ್ ಬರದ್ರೂ ಸುಳ್ಳು ಕಂಡಂಗ ಕಾಣ್ತಿತ್ತು.

ಬುಧವಾರ ನಿಮ್ಮಪ್ಪ ದೇವಿದಾಸ ಕಾಕಾ ಕಾಲೇಜಿಗೆ ಬಂದಾಗ ನೀ ಕಂಬಕ್ಕ ಮುಖ ಮಾಡಿ ನಿಂತಿದ್ದಿ. ಸರ್ ಫೋನ್ ಹಚ್ಚಿ ಕರಸಿದ್ರಂತ. ಸ್ಟಾಫ್ ರೂಮಿನ ಬಾಗಿಲ ತೆರದೇ ಇತ್ತು. ನಾ ವರಾಂಡಾದಾಗ ಇದ್ದೆ, ಎಲ್ಲಾ ಕೇಳಿಸ್ತು. "ಹುಡುಗಿ ನಕಲು ಮಾಡ್ಯಾಳ, ಮ್ಯಾಲ ಹಠಾ ಮಾಡ್ತಾಳ" ಅಂದ್ರು ಸರ್. ದೇವಿದಾಸ ಕಾಕಾ ಎರಡೂ ಕೈ ಜೋಡಿಸಿ, "ತಪ್ಪಾಯ್ತ್ರಿ ಸರ್. ಸಣ್ಣಾಕಿ ಅದಾಳ. ನಿಮ್ಮ ಮಗಳಂತ ತಿಳದು ಹೊಟ್ಯಾಗ ಹಾಕ್ಕೋರಿ" ಅಂದ್ರು. ಇಷ್ಟು ನಿನಗೂ ಗೊತ್ತದ.

ಆಮ್ಯಾಲಿಂದು ನಿನಗ ಗೊತ್ತಿಲ್ಲ. ನೀ ಬ್ಯಾಗ್ ತರಾಕ ಹಾಸ್ಟೆಲಿಗೆ ಹೋದಿ. ಕಾಕಾ ಹೊರಗ ಬಂದು ನನ್ನ ನೋಡಿದ್ರು. "ನೀ ಉಜ್ವಲಾ ಏನವ್ವ? ನಿನ್ನ ಫೋಟೋ ತೋರಿಸಿದ್ಲು ನಮ್ಮಾಕಿ. ಭಾಳ ಹೇಳ್ತಿದ್ಲು ನಿನ್ನ ಹೆಸರು" ಅಂದ್ರು. ಆಮ್ಯಾಲ ದನಿ ಸಣ್ಣ ಮಾಡಿ, "ನಿನ್ನದು ನೋಡಿ ಬರದಾಳಂತ. ಮನಸ್ಸಿಗೆ ಹಚ್ಕೋಬ್ಯಾಡ ನನ್ನವ್ವ, ಗೆಳತಿ ಅಂತ ಸಲಿಗಿ ತಗೊಂಡಿರಬೇಕು" ಅಂತ ನನಗ ಕೈ ಮುಗದ್ರು.

ನನಗ, ಪೂನಂ. ಅಷ್ಟು ದೊಡ್ಡವರು. "ಹಂಗಲ್ರಿ ಕಾಕಾ" ಅನ್ನಾಕ ಬಾಯಿ ತೆರೆಯೂದ್ರಾಗ ನೀ ಬ್ಯಾಗ್ ತಗೊಂಡು ಬಂದಿ, ಇಬ್ರೂ ಹೋಗಿಬಿಟ್ರಿ. ಬಸ್ಸಿನ್ಯಾಗ ಸಸ್ತಾಪುರ ಬಂಗ್ಲಾ ಸ್ಟಾಪ್ ದಾಟೂ ತನಕ ಕಿಟಕಿಗೆ ಮುಖ ಹಚ್ಚಿ ಕುಂತಿದ್ದೆ. ಮೊದಲು ನನ್ನ ಮ್ಯಾಲ ಹೇಸಿಗಿ ಬಂತು. ಆಮ್ಯಾಲ ಸಿಟ್ಟು ಬಂತು. ಇಂಥಾ ಸಿಟ್ಟು ನನಗ ಹಿಂದ ಬಂದದ್ದಿಲ್ಲ. ಕಾಕಾ ಅವರನ್ನ ನಿಲ್ಲಿಸಿ ತಪ್ಪು ಒಪ್ಪಿಸಿಕೊಂಡ ಆ ಮನಷ್ಯಾ ಯಾವತ್ತರ ಆ ಮೋಟಾರ್ ತಿರುಗಿದ್ದು ಕಣ್ಣಿಲೆ ನೋಡ್ಯಾನೇನು?

ಮರುದಿನ ನೀ ಬಂದಿರಲಿಲ್ಲ. ಲ್ಯಾಬಿನ್ಯಾಗ ಎಲ್ಲರ ಮುಂದ ಎದ್ದು ನಿಂತೆ. "ಸರ್, ಪೂನಂ ನಕಲು ಮಾಡಿಲ್ರಿ. ಇಬ್ರೂ ಕೂಡಿ ಮಾಡೇವ್ರಿ" ಅಂದೆ. "ಎರಡು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ದೇನು?" ಅಂದ್ರು. ಎಲ್ಲರೂ ನಕ್ರು. "ಹೌದ್ರಿ, ಹಾಕ್ಕೊಂಡಿದ್ದೆ" ಅಂದೆ. "ಹಂಗಾದ್ರ ನೀನೇ ಆಕಿದು ನೋಡಿ ಹೊಡದಿ ಅನ್ನು." "ಇಲ್ರಿ. ಇಬ್ರೂ ಮೀಟರ್ ನೋಡಿ ಬರದೇವ್ರಿ. ನೋಡಲಾರದೆ ಬರದವರು ಉಳಿದವರು." ಆವಾಗ ನಗೂದು ನಿಂತ್ತು. ಅಬ್ದುಲ್ ರಜಾಕ್ ಭಾಯಿ ಬಾಗಿಲದಾಗಿಂದ, "ನಾನೇ ಸ್ವಿಚ್ ಹಾಕಿದ್ನಿ ಸಾಬ್" ಅಂದ್ರು. ಸರ್ ಅವರಿಗೆ ಹೊರಗ ನಡಿ ಅಂದ್ರು, ನನಗೂ ಹೊರಗ ನಡಿ ಅಂದ್ರು.

ಹೊರಗ ಬಂದಾಕಿ ಸೀದಾ ವಿಭಾಗದ ಮುಖ್ಯಸ್ಥರು ಅಂಬುಬಾಯಿ ಮೇಡಂ ಕಡಿಗೆ ಹೋದೆ. ಪೂರಾ ಕೇಳಿದ್ರು. ಬರೂದು ಬಿಟ್ಟು ಮುಂದಿನ ಮಂಗಳವಾರ ನಾವಿಬ್ರೂ ಅವರ ಮುಂದ ಅದೇ ಪ್ರಯೋಗ ಮತ್ತ ಮಾಡಬೇಕಂತ. ನೀ ಬರಬೇಕು. ನನ್ನ ಸಂಗಡ ಮಾತಾಡಬ್ಯಾಡ, ಬಂದ್ರ ಸಾಕು.

ಮನ್ಯಾಗ ಮಾಮಾ ನನ್ನ ಸಂಗಡ ಮಾತು ಬಿಟ್ಟಾರ. ಅಪ್ಪಗ ಫೋನ್ ಹೋಗ್ಯದ.

ಉಜ್ವಲಾ


ಬಸವಕಲ್ಯಾಣ
೧೨ ಡಿಸೆಂಬರ್ ೨೦೨೪

ಉಜ್ವಲಾ,

ಆ ಮಂಗಳವಾರ ನಾವಿಬ್ರೂ ಆಡಿದ ಮಾತಂದ್ರ ಅಂಕಿ ಅಷ್ಟೇ. ನೀ ಮೀಟರ್ ಓದಿದಿ, ನಾ ಬರಕೊಂಡೆ. ನಿನ್ನ ಬೆನ್ನು ಸರ್ ಕಡಿಗೆ ಇತ್ತು, ಅವರ ಮುಖ ನೋಡಿದಾಕಿ ನಾನು. ಮುಳ್ಳು ಹಿಂದಕ್ಕ ಹೊಡದಾಗ ಅವರು ಒಂದು ಹೆಜ್ಜಿ ಹಿಂದಕ್ಕ ಸರದ್ರು. ನೀ ಸರೀಲಿಲ್ಲ, ಚೀರಲೂ ಇಲ್ಲ.

ನೀ "ಮುನ್ನೂರ ತೊಂಬತ್ತೊಂದು" ಅಂದಾಗ ಅವರ ಮುಖಕ್ಕ ಕಳಿ ಬಂತು. "ನೋಡ್ರಿ ಮೇಡಂ, ೩೭೨ ಎಲ್ಲದ? ಅವತ್ತು ಸುಳ್ಳು ಬರದಾರ ಅಂತ ಇವರೇ ತೋರಿಸಿದ್ರು" ಅಂದ್ರು. ನನಗ ಕಣ್ಣಾಗ ನೀರು ಬಂತು. ಈ ಸಲ ಒರಸ್ಕೊಳ್ಳಲಿಲ್ಲ. "ಅವತ್ತಿಂದು ಅವತ್ತು ಬರದೇವ್ರಿ ಸರ್. ಇವತ್ತಿಂದು ಇವತ್ತು ಬರೀತೇವಿ. ಕರೆಂಟ್ ನಮ್ಮ ಮಾತು ಕೇಳಂಗಿಲ್ರಿ" ಅಂದೆ. ಮೇಡಂ ಉಳಿದವರ ರೆಕಾರ್ಡ್ ಒಂದೊಂದೇ ತೆಗೆದು ಮೇಜಿನ ಮ್ಯಾಲ ಹರವಿ, "ಇವರೆಲ್ಲಾ ಬ್ಯಾರೆ ಬ್ಯಾರೆ ವ್ಯಾಳ್ಯಾಕ್ಕ ಮಾಡ್ಯಾರಲ್ಲ ಗುರುಲಿಂಗ ಸರ್, ಎಲ್ಲರಿಗೂ ೪೧೫ ಹ್ಯಾಂಗ ಸಿಕ್ತು?" ಅಂದ್ರು. ಆವಾಗ ಸರ್ ತಮ್ಮ ಕನ್ನಡಕ ತೆಗೆದು ಒರಸಾಕತ್ರು.

ಈಗ ಪೂರಾ ಬ್ಯಾಚ್ ಮತ್ತ ಮಾಡಾಕತ್ತದ. ಎಲ್ಲರೂ ನಮಗ ಬೈಯಾಕತ್ತಾರ. ಬೈಲಿ. ಅವತ್ತು ಚಾ ಕುಡಿಯಾಕ ಹೋದ ಅಂಬರೀಷ ನಿನ್ನೆ ಮೀಟರ್ ಮುಂದ ನಿಂತು, ಯಾವ ಕಡಿಂದ ಓದಬೇಕು ಅಂತ ಕೇಳಿದ!

ನನ್ನ ಹೊಸ ಪಾನಿಗೆ ಸರ್ ಸೈನ್ ಮಾಡಿದ್ರು. ತಲಿ ಎತ್ತಲಿಲ್ಲ. ಕೆಂಪು ಗೆರಿ ಎಳದ ಹಳೇ ಪಾನ್ ಹರದು ಒಗಿ ಅಂದ್ರು ಹುಡುಗ್ಯಾರು. ಒಗದೆ. ಪರೀಕ್ಷಾಕ್ಕ ಕುಂಡ್ರತೇನಿ. ಇಲ್ಲಿಗೆ ಮುಗೀತು ಅಂತ ಊರಿಗೆ ಹೋಗಿ ಅಪ್ಪಗ ಹೇಳಿದೆ. ಆತ ಏನಂದ ಗೊತ್ತದೇನು?

"ಸರ್ ದೊಡ್ಡ ಮನಸ್ಸು ಮಾಡಿದ್ರವ್ವ. ಅವತ್ತು ನಾ ಹೋಗಿ ಕೈ ಮುಗದದ್ದು ಛಲೋ ಆಯ್ತು."

ಚೀರಾಡಿದೆ. ನಾ ನಕಲು ಮಾಡಿರಲಿಲ್ಲ, 'ತಪ್ಪಾಯ್ತು' ಯಾಕ ಅಂದಿ ಅಂತ ಅಳಕೋತ ಕೇಳಿದೆ. "ಆಯ್ತು ಬಿಡವ್ವ, ಮುಗದು ಹೋಯ್ತು" ಅಂತ ನನ್ನ ತಲಿ ಮ್ಯಾಲ ಕೈ ಆಡಿಸಿದ. ತಪ್ಪು ಮಾಡಿದ ಮಗಳಿಗೆ ಸಮಾಧಾನ ಹೇಳಾಕತ್ತಿದ್ದ. ನಾ ಹೇಳಿದ್ರ ಆತ ನಂಬಂಗಿಲ್ಲ, ಯಾವ ಮಗಳು ತಂದಿ ಮುಂದ ಹೌದು, ನಕಲು ಮಾಡೇನಿ ಅಂತಾಳ?

ನಿನಗೂ ಆತ ಕೈ ಮುಗದಾನ. ಅದು ನಿನ್ನ ಕಡಿಗೇ ಉಳದದ. ಘಾಟಬೋರಾಳಕ್ಕ ಬಾ. ಆತನ ಮುಂದ ನಿಂತು ನಿನ್ನ ಬಾಯಿಲೆ ಹೇಳು. ನನ್ನ ನಿನ್ನ ದೋಸ್ತಿ ಮಾತು ಇದರಾಗ ಇಲ್ಲ. ಅದು ಏನಾಗ್ತದೋ ನನಗಿನ್ನೂ ಗೊತ್ತಿಲ್ಲ.

ಪೂನಂ


ಹುಮನಾಬಾದ
೨೦ ಡಿಸೆಂಬರ್ ೨೦೨೪

ಪೂನಂ,

ಐತವಾರ ಮುಂಜಾನಿ ಬಸ್ಸಿಗೆ ಬರ್ತೇನಿ. ಎಲ್ಲಿಗೆ, ಯಾರ ಮನಿಗೆ, ಯಾಕ ಅಂತ ಮಾಮಾನ ಮುಂದ ಹೇಳೇನಿ. ಹೋಗಬ್ಯಾಡ ಅಂದ್ರು. ಹೋಗ್ತೇನ್ರಿ ಅಂದೆ. ಲಗ್ನದ ಮಾತು ಅಪ್ಪ ಇನ್ನೂ ಎತ್ತಿಲ್ಲ, ಎತ್ತಿದಾಗ ನೋಡೂಣು. ಮಾಮಿ ಒಳಗಿಂದ, "ಬಸ್ಸು ತಪ್ಪಿದ್ರ ಮುಂದಿನ ಬಸ್ಸು ತಡಾ ಅದ, ಲಗೂನ ಏಳು" ಅಂದ್ಲು.

ಉಜ್ವಲಾ


ಘಾಟಬೋರಾಳ
೬ ಜನವರಿ ೨೦೨೫

ಗುರುಲಿಂಗ ಸರ್ ಅವರಿಗೆ ಘಾಟಬೋರಾಳದ ದೇವಿದಾಸನ ಜೈಭೀಮ್.

ನಾನು ಎಲೆಕ್ಟ್ರಿಕಲ್ ಓದೂ ಪೂನಂಳ ತಂದಿ. ಏಳನೇ ತನಕ ಕಲತೇನ್ರಿ, ಅಕ್ಷರ ಓರೆಕೋರೆ ಅದಾವ. ಈ ಕಾಗದ ಮಗಳ ಕೈಲೆ ಬರಸಿಲ್ಲ, ಆಕಿಗೆ ತೋರಿಸಿಲ್ಲ.

ನವೆಂಬರದಾಗ ನೀವು ಫೋನ್ ಮಾಡಿ ಕರದ್ರಿ. ನಿಮ್ಮ ಹುಡುಗಿ ನಕಲು ಮಾಡ್ಯಾಳ ಅಂದ್ರಿ. ನಾ ಒಂದು ಮಾತು ಮಗಳಿಗೆ ಕೇಳಲಿಲ್ಲ. ಮಾಸ್ತರ್ ಸುಮ್ಮ ಸುಮ್ಮನ ಅನ್ನಂಗಿಲ್ಲ ಅಂತ ತಿಳದು ನಿಮಗ ಕೈ ಮುಗದು ತಪ್ಪಾಯ್ತು ಅಂದೆ. ಹೊರಗ ಬಂದು ಇನ್ನೊಂದು ಹುಡುಗಿಗೂ ಅಂದೆ.

ಆ ಹುಡುಗಿ ನಮ್ಮ ಮನಿಗೆ ಬಂದಿದ್ಲು. ಕಟ್ಟಿ ಮ್ಯಾಲ ಕುಂತು ನನಗೂ ನಮ್ಮ ಮನ್ಯಾಕಿಗೂ ನಡದದ್ದೆಲ್ಲಾ ಹೇಳಿದ್ಲು. ಭಾಳ ಅತ್ತಳು. ನಾ ಆಕಿಗೆ ಅಳಬ್ಯಾಡ ಅಂದೆ, ನೀ ತಡಾ ಮಾಡಿದ್ರೂ ಬಂದಿ ಅಂದೆ. ಮಗಳು ಎಷ್ಟು ಸಲ ಹೇಳಿದ್ಲು, ನಾ ಆಕಿ ತಲಿ ಸವರಿದೆ. ನಿಮ್ಮ ಮಾತು ನಂಬಿ ಆಕಿ ಮಾತು ನಂಬಲಿಲ್ಲ. ಇದು ನನ್ನ ತಪ್ಪು, ಇದರ ಮಾಫಿ ಆಕಿಗೆ ಕೇಳೇನಿ.

ನಿಮಗ ಕೇಳಿದ ಮಾಫಿ ಬ್ಯಾರೆ. ಅದು ನನ್ನ ಮಗಳ ಹೆಸರಿನ ಮ್ಯಾಲ ಕೇಳಿದ್ದು. ಆಕಿ ತಪ್ಪು ಮಾಡಿಲ್ಲಂದ ಮ್ಯಾಲ ಆ ಮಾಫಿ ನಿಮ್ಮ ಕಡಿಗೆ ಇರೂದು ಬರೋಬರಿ ಅಲ್ಲ. ಅದಕ್ಕ, ಅವತ್ತು ನಿಮ್ಮ ಮುಂದ ತಪ್ಪಾಯ್ತು ಅಂದ ಮಾತು ನಾ ವಾಪಸ್ ತಗೊಂಡೇನಿ. ತಗೊಂಡೇನಿ ಅಂತ ನಿಮಗ ಖಬರ್ ಇರಬೇಕು, ಅದರ ಸಲುವಾಗಿ ಬರದೇನಿ.

ನೀವು ಏನು ಮಾಡಬೇಕು, ಏನು ಅನ್ನಬೇಕು ಅಂತ ನಾ ಹೇಳಂಗಿಲ್ಲ. ನೀವು ಕಲತವರು, ತಿಳದವರು.

ಒಂದು ಮಾತು ಮಾತ್ರ. ಅವತ್ತು ನಿಮ್ಮ ಕೋಣ್ಯಾಗ ಕುರ್ಚಿ ಖಾಲಿ ಇದ್ವು. ನೀವು ಕುಂಡ್ರು ಅನ್ನಲಿಲ್ಲ, ನಾನೂ ಕುಂಡ್ರಲಿಲ್ಲ. ಮುಂದ ಮಗಳ ಸಲುವಾಗಿ ಯಾವಾಗ ಕರದ್ರೂ ಕೆಲಸ ಬಿಟ್ಟು ಬರ್ತೇನ್ರಿ. ಕುಂತು ಮಾತಾಡೂಣು.

ದೇವಿದಾಸ
ಪೂನಂಳ ತಂದಿ